ಸಂಪಾದಕರ ಉತ್ತರ: ಏಳು ಸಲ ಬಿಚ್ಚಿಹೋದ ಲೇಸು

ಹೆಸರು ಹಾಕಬೇಡಿ ಎಂದು ಕೋರಿ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: "ಚಿತ್ರಪುಸ್ತಕಗಳು ಮಕ್ಕಳಿಗೆ ಛಲವನ್ನೂ ಗೆಳೆತನವನ್ನೂ ಕಲಿಸುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಐದು ವರ್ಷದ ಮಗಳಿಗೆ ಅಂಥ ಪುಸ್ತಕಗಳನ್ನು ಕಪಾಟು ತುಂಬ ತಂದಿಟ್ಟಿದ್ದೇನೆ. ಓದಿ ಮುಗಿಸಿ 'ಏನು ತಿಳೀತು?' ಎಂದರೆ 'ಪ್ರಯತ್ನ ಬಿಡಬಾರದು' ಎಂದು ಒಪ್ಪಿಸುತ್ತಾಳೆ. ಹತ್ತು ನಿಮಿಷಕ್ಕೆ, ಚಿತ್ರ ಜೋಡಿಸುವ ಜಿಗ್‌ಸಾ ಆಟದ ತುಂಡು ಕೂರಲಿಲ್ಲವೆಂದು ಡಬ್ಬಿಯನ್ನೇ ಒದೆಯುತ್ತಾಳೆ. ಗೆಳತಿಗೆ ಒಂದು ಕ್ರೇಯಾನ್ ಕೊಡುವುದಿಲ್ಲ. ಒಂದು ಪುಸ್ತಕದಲ್ಲಂತೂ ಒಂದೇ ಪುಟಕ್ಕೆ ಅಂಟಿಕೊಂಡು ಮುಂದೆ ತಿರುವಲು ಬಿಡುವುದಿಲ್ಲ. ಈಚೆಗೆ ಆ ಪುಸ್ತಕದ ಹುಡುಗಿಯ ಹೆಸರಿನಿಂದ ಕರೆದರೆ ಮಾತ್ರ ಓಗೊಡುತ್ತಾಳೆ. ನೀವು ಬರೆದದ್ದು ನಿಜವೇ? ನಿಜವಾದರೆ, ಕೆಲಸ ಮಾಡುವ ಪುಸ್ತಕಗಳ ಪಟ್ಟಿ ಕೊಡಿ."

ಮೊದಲು ತಪ್ಪೊಪ್ಪಿಗೆ. 'ಕಲಿಸುತ್ತವೆ' ಎಂಬ ಮಾತು ಲೇಖಕರದ್ದಲ್ಲ, ನನ್ನದು. ತಲೆಬರಹದ ಜಾಗಕ್ಕೆ ಅವರ ಉದ್ದನೆಯ ವಾಕ್ಯ ಹಿಡಿಸಲಿಲ್ಲ, ಮೊಟಕುಮಾಡಿದೆ. ಪುಸ್ತಕ ಮಗುವಿಗೆ ತೋರಿಸಬಲ್ಲದು. ಕಲಿಸುತ್ತದೆ ಅನ್ನುವುದು ದೊಡ್ಡವರ ಆಸೆ. ನಿಮ್ಮ ಕಪಾಟಿನಲ್ಲಿರುವ ಪುಸ್ತಕಗಳಲ್ಲಿ ಎಷ್ಟು ಆ ತೋರಿಸುವ ಕೆಲಸವನ್ನಾದರೂ ಮಾಡುತ್ತಿವೆ ಎಂಬುದೇ ನನಗೆ ಅನುಮಾನ.

ಇದರಲ್ಲಿ ಅಚ್ಚುಮನೆಯ ಲೆಕ್ಕವೂ ಸೇರಿದೆ. ಚಿತ್ರಪುಸ್ತಕಗಳು ಬಹುಪಾಲು 32 ಪುಟದವು. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದಾಗ ಪುಟಗಳು ಎಂಟರ, ಹದಿನಾರರ ಕಂತೆಯಾಗಿ ಬರುತ್ತವೆ, ಅದಕ್ಕೆ ಈ ಸಂಖ್ಯೆ. ಹೆಸರು, ಹಕ್ಕು, ಅರ್ಪಣೆ ಎಂದು ಒಂದಷ್ಟು ಹೋದರೆ ಕಥೆಗೆ ದಕ್ಕುವುದು ಹದಿಮೂರೋ ಹದಿನಾಲ್ಕೋ ಜೋಡಿಪುಟ, ಅಂದರೆ ಪುಸ್ತಕ ತೆರೆದಾಗ ಎದುರುಬದುರು ಕಾಣುವ ಎರಡು ಪುಟ. ಛಲದ ಕಥೆ ಬರೆಯುವವರು ಇದರಲ್ಲಿ ಬಹುಪಾಲನ್ನು ಆಸೆ ಹುಟ್ಟುವುದಕ್ಕೂ ಗೆಲುವಿನ ಸಂಭ್ರಮಕ್ಕೂ ಕೊಟ್ಟುಬಿಡುತ್ತಾರೆ. ನಡುವೆ ಒಂದೇ ಒಂದು ಜೋಡಿಪುಟದಲ್ಲಿ 'ಅವಳು ಮತ್ತೆ ಮತ್ತೆ ಪ್ರಯತ್ನಿಸಿದಳು' ಎಂಬ ವಾಕ್ಯ. ಪುಟ ತಿರುವಿದರೆ ಗೆದ್ದಾಯಿತು! ನಿಮ್ಮ ಮಗಳ ತುಂಡು ಹಾಗೆ ಕೂರಲಿಲ್ಲ. ಡಬ್ಬಿಗೆ ಒದೆ ಬಿತ್ತು. ಅವಳದ್ದೇನು ತಪ್ಪು?

ಈಗ ನಮ್ಮ ಮೇಜಿನ ಮೇಲಿರುವ ಒಂದು ಹಸ್ತಪ್ರತಿಯ ವಿಷಯ ಹೇಳುತ್ತೇನೆ. ಹುಡುಗನೊಬ್ಬ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟಲು ಹೆಣಗುತ್ತಾನೆ, ಅಷ್ಟೇ ಕಥೆ. ಮೊದಲ ಕರಡಿನಲ್ಲಿ ಎರಡು ಸಲ ಸೋತು ಮೂರನೆಯದಕ್ಕೆ ಗೆದ್ದಿದ್ದ. ಏಳು ಸಲ ಸೋಲಿಸಿ, ಆದರೆ ಪ್ರತಿ ಸಲವೂ ಬೇರೆ ಥರ ಸೋಲಲಿ ಎಂದು ಕೇಳಿದೆವು. ಒಮ್ಮೆ ಕುಣಿಕೆ ತೀರಾ ದೊಡ್ಡದು, ಒಮ್ಮೆ ಹೆಬ್ಬೆರಳೇ ಗಂಟಿನೊಳಗೆ, ಒಮ್ಮೆ ಎರಡೂ ಶೂಗಳ ಲೇಸು ಸೇರಿ ಒಂದೇ ಗಂಟು. ಮಾತುಗಳಲ್ಲಿ ಇರುವುದು ಇವನೊಬ್ಬನೇ. ಚಿತ್ರದಲ್ಲಿ ಮಾತ್ರ ಚೆಂಡು ಹಿಡಿದು ಕಾಯುವ ಗೆಳೆಯನಿದ್ದಾನೆ. ಮೊದಲು ನಿಂತಿರುತ್ತಾನೆ, ಆಮೇಲೆ ಕೂರುತ್ತಾನೆ, ಆಕಳಿಸುತ್ತಾನೆ. ಒಂದು ಪುಟದಲ್ಲಿ ಚೆಂಡು ಅವನ ಕೈಬಿಟ್ಟು ಉರುಳಿಹೋಗಿದೆ. ಆರನೆಯ ಸೋಲಿನ ಹೊತ್ತಿಗೆ ಆ ಗೆಳೆಯ ನೀಟಾಗಿ ಕಟ್ಟಿದ್ದ ತನ್ನ ಲೇಸನ್ನೇ ಬಿಚ್ಚಿಕೊಂಡು ಪಕ್ಕದಲ್ಲಿ ಮೊದಲಿನಿಂದ ಕಟ್ಟಲು ಕೂತಿದ್ದಾನೆ. ಇದರ ಬಗ್ಗೆ ಕಥೆಯಲ್ಲಿ ಒಂದಕ್ಷರವಿಲ್ಲ. ಪ್ರತಿಯನ್ನು ಮಕ್ಕಳ ಮುಂದಿಟ್ಟಾಗ ಓದುತ್ತಿದ್ದ ನನ್ನ ಕಣ್ಣು ಅಕ್ಷರದ ಮೇಲೇ ಇತ್ತು. "ಅವನ್ಯಾಕೆ ಬಿಚ್ಚಿಬಿಟ್ಟ?" ಎಂದು ಕೇಳಿದವಳು ನಾಲ್ಕು ವರ್ಷದವಳು. ನಾನು ಉತ್ತರ ಹೇಳಲು ಬಾಯಿ ತೆರೆದೆ, ಪುಣ್ಯಕ್ಕೆ ಅಷ್ಟರಲ್ಲಿ ಇನ್ನೊಂದು ಮಗು ಏನೋ ಹೇಳಿತು. ಇಬ್ಬರ ನಡುವೆ ಜಗಳವೇ ಹತ್ತಿಕೊಂಡಿತು.

ಸೋಲುವುದನ್ನು ನೋಡುವುದರಲ್ಲೇ ಏನೋ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಹದಿನೈದು ತಿಂಗಳ ಆಸುಪಾಸಿನ ಕೂಸುಗಳ ಮುಂದೆ ದೊಡ್ಡವರೊಬ್ಬರು ಡಬ್ಬಿಯೊಳಗಿನ ಆಟಿಕೆ ತೆಗೆಯಲು ಪರದಾಡಿ ಕೊನೆಗೆ ತೆಗೆದರು. ಬೇರೆ ಕೂಸುಗಳ ಮುಂದೆ ಸಲೀಸಾಗಿ ತೆಗೆದರು. ಆಮೇಲೆ ಗುಂಡಿ ಒತ್ತಿದರೂ ಸದ್ದು ಮಾಡದ ಆಟಿಕೆಯೊಂದನ್ನು ಕೈಗಿತ್ತಾಗ, ಪರದಾಟ ಕಂಡಿದ್ದ ಕೂಸುಗಳು ಹೆಚ್ಚು ಸಲ ಒತ್ತಿದವು. ಛಲ ಎಂಬ ಪದ ಅವಕ್ಕೆ ಗೊತ್ತಿರಲಿಲ್ಲ.

ಕ್ರೇಯಾನಿನ ವಿಷಯಕ್ಕೆ ಬಂದರೆ, ಅದೇ 2017ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರು ಹಂಚಿಕೊಳ್ಳುವ ಕಥೆಯೊಂದನ್ನು ನಾಲ್ಕರಿಂದ ಆರು ವರ್ಷದವರಿಗೆ ಓದಿ ಹೇಳಿ, ಕೈಯಲ್ಲಿರುವ ಸ್ಟಿಕರುಗಳಲ್ಲಿ ಎಷ್ಟು ಬಿಟ್ಟುಕೊಡುತ್ತಾರೆ ಎಂದು ಎಣಿಸಿದ್ದರು. ಪಾತ್ರಗಳು ಮನುಷ್ಯರಾಗಿದ್ದಾಗ ಮಕ್ಕಳು ಹೆಚ್ಚು ಕೊಟ್ಟರು. ಅಂಗಿ ತೊಟ್ಟ ಪ್ರಾಣಿಗಳಾಗಿದ್ದಾಗ ಹಾಗೇನೂ ಆಗಲಿಲ್ಲ. ಇದನ್ನು ಓದಿ ಕಪಾಟಿನ ಕರಡಿ, ಮೊಲಗಳನ್ನೆಲ್ಲ ಓಡಿಸಬೇಡಿ. ಅದು ಒಂದು ಪ್ರಯೋಗ, ಅಷ್ಟೇ. ಅಲ್ಲದೆ ಸ್ಟಿಕರು ಕೊಡುವುದೇ ಗೆಳೆತನವಲ್ಲ. ಯಾರೂ ಮುನಿಸಿಕೊಳ್ಳದ, ಎಲ್ಲರೂ ಕೊನೆಯ ಪುಟದಲ್ಲಿ ಕೈ ಹಿಡಿದು ನಿಲ್ಲುವ ಗೆಳೆತನದ ಪುಸ್ತಕಗಳು ನನಗೇ ಸಪ್ಪೆ ಅನ್ನಿಸುತ್ತವೆ. ಠೂ ಬಿಟ್ಟು, ಅರ್ಧ ಗಂಟೆ ಮುಖ ತಿರುಗಿಸಿ ಕೂತು, ಯಾರು ಮೊದಲು ಮಾತಾಡಬೇಕು ಎಂಬ ಆ ಸಂಕಟ ಪುಸ್ತಕದಲ್ಲಿ ಬರದಿದ್ದರೆ ಮಗುವಿಗೆ ಅದು ಯಾರದೋ ಕಥೆ.

ಮಗಳು ಪುಸ್ತಕದ ಹುಡುಗಿಯ ಹೆಸರಿಟ್ಟುಕೊಂಡದ್ದನ್ನು ನೀವು ದೂರಿನ ಧಾಟಿಯಲ್ಲಿ ಬರೆದಿದ್ದೀರಿ. ದಯವಿಟ್ಟು ಅದೇ ಹೆಸರಿನಿಂದ ಕರೆಯಿರಿ. ನಾಲ್ಕು ಮತ್ತು ಆರು ವರ್ಷದ ಮಕ್ಕಳಿಗೆ ಬೇಸರದ ಕೆಲಸವೊಂದನ್ನು ಕೊಟ್ಟು, ಪಕ್ಕದಲ್ಲೇ ಆಡಲು ವಿಡಿಯೊ ಗೇಮ್ ಇಟ್ಟು ನಡೆಸಿದ ಪ್ರಯೋಗವೊಂದಿದೆ. ತಾನು ಬ್ಯಾಟ್‌ಮ್ಯಾನ್‌ನಂಥ ಪಾತ್ರ ಎಂದು ವೇಷ ತೊಟ್ಟು ನಟಿಸಿದ ಮಕ್ಕಳೇ ಎಲ್ಲರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡವು. 'ನನಗೆ ಬರಲ್ಲ' ಎನ್ನುವ ಹುಡುಗಿ ಇನ್ನೊಬ್ಬಳಾದಾಗ ಬಂದೀತು. ಮುಂದಿನ ಸಲ ತುಂಡು ಕೂರದಿದ್ದಾಗ ಆ ಹೆಸರು ಹಿಡಿದೇ "ಈಗ ಏನು ಮಾಡ್ತೀಯಾ?" ಎಂದು ಕೇಳಿ ನೋಡಿ.

ಹಾಗೆಯೇ 'ಏನು ತಿಳೀತು?' ಎಂದು ಕೇಳುವುದನ್ನು ಒಂದು ತಿಂಗಳು ನಿಲ್ಲಿಸಿ. ಅವಳಿಗೆ ನಿಮ್ಮ ಪ್ರಶ್ನೆಪತ್ರಿಕೆ ಬಾಯಿಪಾಠವಾಗಿದೆ, ಉತ್ತರ ಒಪ್ಪಿಸಿ ಎದ್ದು ಹೋಗುತ್ತಾಳೆ.

ಪಟ್ಟಿ ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಬ್ಬರ ಪಟ್ಟಿ ನೋಡಿ ಕೊಂಡ ಪುಸ್ತಕಗಳೇ ತಾನೆ ಈಗ ನಿಮ್ಮ ಕಪಾಟಿನಲ್ಲಿರುವುದು? ಇನ್ನು ಮುಂದೆ ಕೊಳ್ಳುವಾಗ ಮೊದಲ ಪುಟವನ್ನೂ ಕೊನೆಯದನ್ನೂ ಬಿಟ್ಟು ನಟ್ಟನಡುವೆ ತೆರೆಯಿರಿ. ಅಲ್ಲಿ ಯಾರಾದರೂ ಏನನ್ನಾದರೂ ಕೆಡಿಸಿಕೊಂಡು ಕೂತಿದ್ದರೆ ಮನೆಗೆ ತನ್ನಿ. ಹಿನ್ನುಡಿಯಲ್ಲಿ 'ಮೌಲ್ಯ' ಎಂಬ ಪದ ಎರಡಕ್ಕಿಂತ ಹೆಚ್ಚು ಸಲ ಬಂದರೆ ವಾಪಸ್ ಇಟ್ಟುಬಿಡಿ. ಇದಕ್ಕೆ ಯಾವ ಸಂಶೋಧನೆಯ ಬೆಂಬಲವೂ ಇಲ್ಲ, ನನ್ನ ಹಟ.

ಒಂದನ್ನು ಮಾತ್ರ ನೀವು ಬರೆಯಲೇ ಇಲ್ಲ. ಮಗಳು ತಿರುವಲು ಬಿಡದ ಆ ಪುಟದಲ್ಲಿ ಏನಿದೆ? ಅಕ್ಷರ ಬಿಡಿ, ಚಿತ್ರದ ಮೂಲೆಗಳನ್ನೂ ನೋಡಿ, ಅವಳ ಬೆರಳು ಎಲ್ಲಿರುತ್ತದೆಂದು ಗಮನಿಸಿ ಬರೆಯುವಿರಾ? ಲೇಸಿನ ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಗೊತ್ತಾದರೆ ನಮಗೂ ಒಳ್ಳೆಯದು.