ಒಂದೇ ಮೇವು, ಫ್ಯಾಟ್ ಮಾತ್ರ ಬೇರೆ: ಯಾಕೆ?

ಪ್ರಶ್ನೆ: ಮನೆಯಲ್ಲಿ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು, ಒಂದು ಎಮ್ಮೆ ಇವೆ. ಎರಡಕ್ಕೂ ಅದೇ ರಾಗಿ ಹುಲ್ಲು, ಅದೇ ಹಿಂಡಿ. ಡೇರಿಯಲ್ಲಿ ಹಸುವಿನ ಹಾಲಿಗೆ ಫ್ಯಾಟ್ (ಕೊಬ್ಬಿನ ಅಂಶ) ಶೇಕಡಾ 3.4 ಬಂದರೆ ಎಮ್ಮೆಯದು 7 ದಾಟುತ್ತದೆ. ಇದೆಲ್ಲ ಜೀನ್‌ನಿಂದಲಾ ಸರ್? ಹಸುವಿನದನ್ನೂ ಏರಿಸಬಹುದಾ?

ಉತ್ತರ: ಬಹುಪಾಲು ಜೀನ್‌ನದೇ ಕೆಲಸ. ಹಾಲಿನ ಕೊಬ್ಬು ತಯಾರಾಗುವುದು ಕೆಚ್ಚಲಿನ ಜೀವಕೋಶದೊಳಗೆ. ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲ ಅಂಟಿದರೆ ಕೊಬ್ಬು. ಆ ಮೂರನೆಯದನ್ನು ಅಂಟಿಸುವ ಕಿಣ್ವದ ಹೆಸರು ಡಿಜಿಎಟಿ1. ಹೀಗೆ ಆದ ಕೊಬ್ಬು ಸಣ್ಣ ಹನಿಗಳಾಗಿ ಸೇರಿ, ಕೋಶದ ಅಂಚಿಗೆ ಸರಿದು, ಕೋಶದ ಪೊರೆಯನ್ನೇ ಹೊದ್ದುಕೊಂಡು ಹಾಲಿಗೆ ಬೀಳುತ್ತದೆ. ನೀವು ಕೆನೆ ಅಂತ ತೆಗೆಯುವುದು ಇದನ್ನೇ.

ಈ ಕಿಣ್ವದ ಜೀನ್ ಹಸುವಿನ 14ನೇ ಕ್ರೋಮೋಸೋಮಿನಲ್ಲಿದೆ. ಕಿಣ್ವ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ; ಅದರ 232ನೇ ಜಾಗದಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ ಇದ್ದರೆ ಫ್ಯಾಟ್ ಜಾಸ್ತಿ, ಅಲನಿನ್ ಇದ್ದರೆ ಫ್ಯಾಟ್ ಕಡಿಮೆ ಆದರೆ ಹಾಲು ಜಾಸ್ತಿ ಅಂತ 2002ರಲ್ಲಿ ಗೊತ್ತಾಯಿತು. ಒಂದೇ ಒಂದು ಅಮೈನೋ ಆಮ್ಲದ ಆಟ ನೋಡಿ! ಎಚ್‌ಎಫ್‌ನಲ್ಲಿ ಎರಡೂ ರೂಪ ಸಿಗುತ್ತವೆ. ನಮ್ಮ ದೇಶದ ಎಮ್ಮೆ, ನಾಟಿ ಹಸುಗಳನ್ನು ಪರೀಕ್ಷಿಸಿದಾಗ ಕಂಡಿದ್ದು ಲೈಸಿನ್ ರೂಪ.

ಹಾಗಾದರೆ ನಾಟಿ ಹಸುವಿನ ಹಾಲೂ ಎಮ್ಮೆ ಹಾಲಿನಷ್ಟೇ ಗಟ್ಟಿ ಇರಬೇಕಿತ್ತಲ್ವಾ? ಇಲ್ಲ, ಯಾಕೆಂದರೆ ಇದೊಂದೇ ಜೀನ್ ಅಲ್ಲ, ಇನ್ನೂ ಎಷ್ಟೋ ಜೀನ್‌ಗಳು ಸ್ವಲ್ಪ ಸ್ವಲ್ಪ ಕೈ ಹಾಕುತ್ತವೆ. ಆದರೂ ಇದರ ಕೈ ದೊಡ್ಡದು. ಇಲಿಗಳಲ್ಲಿ ಈ ಜೀನನ್ನು ಕೆಡಿಸಿ ನೋಡಿದ್ದಾರೆ. ಕೊಬ್ಬಿನ ಆಹಾರ ತಿನ್ನಿಸಿದರೂ ಅವು ದಪ್ಪಗಾಗಲಿಲ್ಲ, ಆದರೆ ಮರಿ ಹಾಕಿದ ಮೇಲೆ ಹೆಣ್ಣಿಲಿಗೆ ಹಾಲೇ ಬರಲಿಲ್ಲ.

ಇರುವ ಹಸುವಿನ ಜೀನ್ ಬದಲಿಸುವುದಂತೂ ಆಗದ ಮಾತು, ಆದರೆ 3.4 ಅನ್ನು ಒಂದಿಷ್ಟು ಏರಿಸಬಹುದು. ಫ್ಯಾಟ್ ಬರಲಿ ಅಂತ ಸುಮ್ನೆ ಹಿಂಡಿ ಸುರಿಯಬೇಡಿ, ಒಣಹುಲ್ಲು ಕಡಿಮೆಯಾದರೆ ಫ್ಯಾಟ್ ಇನ್ನೂ ಇಳಿಯುತ್ತದೆ. ಹುಲ್ಲಿನ ನಾರು ಹೊಟ್ಟೆಯಲ್ಲಿ ಹುದುಗಿದಾಗ ಬರುವ ಅಸಿಟಿಕ್ ಆಮ್ಲವೇ ಕೆಚ್ಚಲಿಗೆ ಕೊಬ್ಬಿನ ಕಚ್ಚಾಮಾಲು. ಇನ್ನೊಂದು ವಿಷಯ, ಹಾಲು ಕರೆದ ಮೇಲೆ ಕರು ಬಿಡುತ್ತೀರಾ? ಕೊನೆಯ ಹಾಲಿನಲ್ಲೇ ಫ್ಯಾಟ್ ಜಾಸ್ತಿ, ಅದೆಲ್ಲ ಕರುವಿನ ಹೊಟ್ಟೆಗೆ ಹೋಗುತ್ತದೆ. ಕರುವಿನ ಪಾಲು ಮೊದಲೇ ಕುಡಿಸಿ, ಅದರಲ್ಲಿ ಕಡಿಮೆ ಮಾಡಬೇಡಿ, ಆಮೇಲೆ ಕೆಚ್ಚಲು ಪೂರ್ತಿ ಖಾಲಿಯಾಗುವವರೆಗೆ ಕರೆಯಿರಿ.

ಮುಂದಿನ ಸಲ ಹಸು ಬೆದೆಗೆ ಬಂದಾಗ, ಹೋರಿಯ ತಾಯಿ ಎಷ್ಟು ಲೀಟರ್ ಕೊಡುತ್ತಿತ್ತು ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ, ಫ್ಯಾಟ್ ಎಷ್ಟಿತ್ತು ಅಂತಲೂ ಕೇಳಿ.