ಶ್ರೀಚಕ್ರದಲ್ಲಿ ಇಷ್ಟೊಂದು ತ್ರಿಕೋನಗಳು ಏಕೆ? ಅವುಗಳ ಅರ್ಥವೇನು?

ಶ್ರೀಚಕ್ರವೆಂದರೆ ದೇವಿಯ ಆರಾಧನೆಗೆ ಬಳಸುವ ರೇಖಾಚಿತ್ರ. ಅದರ ತ್ರಿಕೋನಗಳನ್ನು ಎಣಿಸಲು ಹೊರಟರೆ ಕಣ್ಣು ತಪ್ಪುತ್ತದೆ, ಆದರೆ ಮೂಲ ತ್ರಿಕೋನಗಳು ಒಂಬತ್ತೇ. ಮೇಲ್ಮುಖವಾದ ನಾಲ್ಕು ಶಿವನವು, ಕೆಳಮುಖವಾದ ಐದು ಶಕ್ತಿಯವು. ಇವು ಒಂದನ್ನೊಂದು ಹಾಯ್ದಾಗ 43 ಸಣ್ಣ ತ್ರಿಕೋನಗಳು ಮೂಡುತ್ತವೆ: ನಡುವೆ 1, ಅದರ ಸುತ್ತ ಕ್ರಮವಾಗಿ 8, 10, 10, 14. ಶಿವ ಮತ್ತು ಶಕ್ತಿಯನ್ನು ಬಿಡಿಸಿ ನೋಡಲಾಗದು ಎಂಬ ಶಾಕ್ತ ತತ್ತ್ವವೇ ಇಲ್ಲಿ ಗೆರೆಯಾಗಿದೆ. ಒಂದು ತ್ರಿಕೋನವನ್ನು ತೆಗೆದರೂ ಉಳಿದದ್ದು ಚಕ್ರವಾಗುವುದಿಲ್ಲ.

ಹೊರಗೆ ಎಂಟು ಮತ್ತು ಹದಿನಾರು ದಳಗಳ ಪದ್ಮಗಳು, ಕೊನೆಗೆ ನಾಲ್ಕು ಬಾಗಿಲುಗಳ ಚೌಕ, ಅಂದರೆ ಭೂಪುರ. ನಡುವಿನ ಬಿಂದುವಿನಿಂದ ಹೊರಕ್ಕೆ ಬಂದರೆ ಸೃಷ್ಟಿಕ್ರಮ, ಭೂಪುರದಿಂದ ಒಳಕ್ಕೆ ಹೋದರೆ ಸಂಹಾರಕ್ರಮ, ಅಂದರೆ ಎಲ್ಲವೂ ಮೂಲಕ್ಕೆ ಮರಳುವ ದಾರಿ. ದೇವಸ್ಥಾನದ ಹೆಬ್ಬಾಗಿಲಿನಿಂದ ಗರ್ಭಗುಡಿಗೆ ನಡೆದವರಿಗೆ ಈ ಎರಡನೆಯ ದಾರಿ ಅಪರಿಚಿತವಲ್ಲ. ಶೃಂಗೇರಿಯಲ್ಲಿ ಶಂಕರರು ಬಂಡೆಯ ಮೇಲೆ ಶ್ರೀಚಕ್ರ ಬರೆದು ಶಾರದೆಯನ್ನು ಪ್ರತಿಷ್ಠಾಪಿಸಿದರೆಂಬ ಐತಿಹ್ಯವೂ ಇದೆ.

ಶ್ರೀಚಕ್ರದಲ್ಲಿ ಸುವರ್ಣ ಅನುಪಾತ (ಗೋಲ್ಡನ್ ರೇಶಿಯೊ, ಸುಮಾರು 1.618) ಅಡಗಿದೆ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ನನಗೆ ಅದು ಹೊರಗಿನಿಂದ ತಂದು ಅಂಟಿಸಿದಂತೆ ಕಾಣುತ್ತದೆ. ನಿಜವಾದ ಸೋಜಿಗ ಬೇರೆ: ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಬೇಕಾದ ಜಾಗಗಳು ಹಲವಾರು. ಸ್ಕೇಲು ಹಿಡಿದು ಒಮ್ಮೆ ಪ್ರಯತ್ನಿಸಿ; ಒಂದನ್ನು ಸರಿಪಡಿಸಿದರೆ ಇನ್ನೊಂದು ಜಾರುತ್ತದೆ.