ಸಿಸ್ಟರ್‌ಗಳನ್ನು ಕೇಳಿ: ತಿಂಗಳು ತುಂಬದ ಕೂಸಿಗೆ ಎದೆಯ ಶಾಖ

ಈ ಸಂಚಿಕೆಯಲ್ಲಿ ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ನವಜಾತ ಶಿಶುಗಳ ವಾರ್ಡಿನ ಶುಶ್ರೂಷಕಿಯರು.

ಪ್ರಶ್ನೆ: ಸೊಸೆಗೆ 32 ವಾರಕ್ಕೇ ಹೆರಿಗೆಯಾಯಿತು. ಮಗು 1.4 ಕೆ.ಜಿ. ಇದೆ. ವಾರ್ಮರ್‌ನಲ್ಲಿ ಇಟ್ಟಿದ್ದ ಮಗುವನ್ನು ಸಿಸ್ಟರ್‌ಗಳು ಈಗ ಬಟ್ಟೆ ಬಿಚ್ಚಿ ಸೊಸೆಯ ಎದೆಗೆ ಕಟ್ಟುತ್ತಿದ್ದಾರೆ. ಈ ಮಳೆಯಲ್ಲಿ ಶೀತವಾಗುವುದಿಲ್ಲವೇ? ಮೆಷಿನ್ ಸಾಲದೆ ಹೀಗೆ ಮಾಡುತ್ತಾರೆಯೇ?
– ಒಬ್ಬ ಅಜ್ಜಿ, ಸಿದ್ದಾಪುರ

ಉತ್ತರ: ಮಗುವಿಗೆ ಶೀತವಾಗಬಾರದೆಂದೇ ಹಾಗೆ ಕಟ್ಟಿದ್ದಾರೆ ಅಮ್ಮಾ. ತಿಂಗಳು ತುಂಬದ ಮಗುವಿನ ಚರ್ಮದಡಿ ಕೊಬ್ಬು ಬಹಳ ಕಡಿಮೆ, ಚರ್ಮವೂ ತೆಳು. ಮೈ ತಣ್ಣಗಾದರೆ ಅದನ್ನು ಬೆಚ್ಚಗಿಡಲು ಇರುವ ಆಮ್ಲಜನಕ, ಸಕ್ಕರೆ ಎರಡೂ ಖರ್ಚಾಗಿ ಉಸಿರು ನಿಂತುನಿಂತು ಬರಬಹುದು. ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಒಳಗಿನ ಶಾಖ ಉಳಿಯಬಹುದು, ಆದರೆ ಬಟ್ಟೆ ತಾನಾಗಿ ಶಾಖ ಕೊಡುವುದಿಲ್ಲ. ತಾಯಿಯ ಎದೆ ಕೊಡುತ್ತದೆ. ಮಗು ತಣ್ಣಗಾದರೆ ಎದೆಯ ಭಾಗದ ಬಿಸಿಯೂ ತುಸು ಏರುತ್ತದೆ. ಉಬ್ಬಿ ಇಳಿಯುವ ಎದೆಯ ಮೇಲೆ ಮಲಗಿದ ಮಗು ಉಸಿರಾಡುವುದನ್ನು ಮರೆಯುವುದೂ ಕಡಿಮೆ.

1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ ಇದನ್ನು ಆರಂಭಿಸಿದಾಗ ಇನ್‌ಕ್ಯುಬೇಟರ್‌ಗಳ ಕೊರತೆ ಇದ್ದದ್ದು ನಿಜ. ಈಗ ಕಾರಣ ಅದಲ್ಲ. 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೆ ಕಟ್ಟಿದರೆ ಏನಾಗುತ್ತದೆಂದು ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮೊದಲು ವಾರ್ಮರ್‌ನಲ್ಲಿಟ್ಟು ಸ್ಥಿರವಾದ ಮೇಲೆ ಕಟ್ಟಿದ ಮಕ್ಕಳಲ್ಲಿ 28 ದಿನದೊಳಗೆ ನೂರಕ್ಕೆ 15.7 ಮಕ್ಕಳು ತೀರಿಕೊಂಡರೆ, ಕೂಡಲೇ ಕಟ್ಟಿದವರಲ್ಲಿ ಅದು 12. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಮಗು ಸ್ಥಿರವಾಗುವವರೆಗೆ ಕಾಯಬೇಡಿ, ಆದಷ್ಟು ಬೇಗ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ ಇರಲಿ ಎಂದಿತು. ತಾನಾಗಿ ಉಸಿರಾಡಲಾರದ, ವೆಂಟಿಲೇಟರ್ ಬೇಕಾದ, ಶಾಕ್‌ನಲ್ಲಿರುವ (ರಕ್ತಸಂಚಾರ ಕುಸಿದ) ಮಗು ಮಾತ್ರ ಕಾಯಬೇಕು. ಮೂಗಿನ ನಳಿಕೆ, ಡ್ರಿಪ್ ಇದ್ದರೂ ಸಿಸ್ಟರ್ ಕಣ್ಣೆದುರಲ್ಲಿ ಕಟ್ಟಬಹುದು.

ಕೊಡಗಿನ ಚಳಿಗೆ ಒಂದು ಮಾತು. ಕೋಣೆಯ ಉಷ್ಣತೆ 22 ಡಿಗ್ರಿಗಿಂತ ಕೆಳಗಿದ್ದರೆ ಡಯಾಪರ್, ಟೋಪಿ, ಕಾಲುಚೀಲದ ಜೊತೆಗೆ ತೋಳಿಲ್ಲದ, ಮುಂದೆ ತೆರೆದ ಹತ್ತಿಯ ಅಂಗಿ ಹಾಕಿ. ಎದೆಗೆ ಎದೆ ತಾಗುವ ಜಾಗ ಮಾತ್ರ ಬರಿದಾಗಿರಬೇಕು. ಅಮ್ಮನ ಬೆನ್ನಿಗೆ ಶಾಲು ಹೊದಿಸಿ. ನೀವು ಮಾಡಬೇಕಾದ ಕೆಲಸವೂ ಇದೆ: ಸೊಸೆ ಊಟಕ್ಕೆ, ಸ್ನಾನಕ್ಕೆ ಎದ್ದಾಗ ಮಗುವನ್ನು ನಿಮ್ಮ ಎದೆಗೆ ಹಾಕಿಕೊಳ್ಳಿ.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಹೊಸದಾಗಿ ಸ್ಟಾಫ್ ನರ್ಸ್ ಆಗಿ ಸೇರಿದ್ದೇನೆ. ಕಟ್ಟಿದ ಅರ್ಧ ಗಂಟೆಯಲ್ಲೇ ಮಗು ಕೆಳಗೆ ಜಾರುತ್ತದೆ. ಒಮ್ಮೊಮ್ಮೆ ತುಟಿ ನೀಲಿಗಟ್ಟುತ್ತದೆ. ಎಲ್ಲಿ ತಪ್ಪುತ್ತಿದೆ?
– ವಿರಾಜಪೇಟೆ ಕಡೆಯ ಓದುಗರು

ಉತ್ತರ: ಎರಡೂ ಒಂದೇ ತಪ್ಪಿನಿಂದ ಆಗುತ್ತಿರುವ ಸಂಭವ ಹೆಚ್ಚು, ಸಿಸ್ಟರ್. ಕಟ್ಟು ಸಡಿಲವಾದರೆ ಮಗು ಜಾರುತ್ತದೆ, ಜಾರಿದ ಮಗುವಿನ ಗದ್ದ ಎದೆಗೆ ಬಗ್ಗುತ್ತದೆ, ಎಳೆಯ ಶ್ವಾಸನಾಳ ಮಡಚಿಕೊಳ್ಳುತ್ತದೆ. ಹಿಂದಕ್ಕೆ ಅತಿಯಾಗಿ ಬಾಗಿದರೂ ಅದೇ ಗತಿ.

ಕಟ್ಟುವ ಮೊದಲು ತಾಯಿಯ ಒಳಉಡುಪು ಬಿಚ್ಚಿಸಿ. ಮಧ್ಯೆ ರವಿಕೆಯೋ ಟವೆಲ್ಲೋ ಉಳಿದರೆ ಚರ್ಮಕ್ಕೆ ಚರ್ಮ ತಾಗುವುದಿಲ್ಲ. ಒಂದು ಕೈ ಕುತ್ತಿಗೆ ಮತ್ತು ಬೆನ್ನಿಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಕೊಟ್ಟು ಮಗುವನ್ನು ಎರಡು ಸ್ತನಗಳ ನಡುವೆ ನೆಟ್ಟಗೆ ಇಡಿ. ತಲೆ ಒಂದು ಬದಿಗೆ ತಿರುಗಿರಲಿ, ಗದ್ದ ತುಸು ಮೇಲೆದ್ದಿರಲಿ. ಕಾಲುಗಳು ಕಪ್ಪೆಯ ಕಾಲಿನಂತೆ ಮಡಚಿ ಅಗಲವಾಗಿರಬೇಕು, ಕೈಗಳೂ ಮಡಚಿರಬೇಕು. ಬಟ್ಟೆಯ ಮೇಲಿನ ಅಂಚು ಸರಿಯಾಗಿ ಮಗುವಿನ ಕಿವಿಯ ಕೆಳಗೆ ಬರಲಿ. ಬಿಗಿ ಇರಬೇಕಾದದ್ದು ಮಗುವಿನ ಎದೆಯ ಮಟ್ಟದಲ್ಲಿ. ಹೊಟ್ಟೆಯ ಮೇಲೆ ಬಿಗಿದರೆ ಉಸಿರಾಡಲು ಜಾಗ ಸಾಲದು, ಹಾಲೂ ಮೇಲೆ ಬರುತ್ತದೆ. ಕಟ್ಟಿದ ಮೇಲೆ ತಾಯಿಯನ್ನು ಎಬ್ಬಿಸಿ ನಿಲ್ಲಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ. ನಿಂತಾಗ ಜಾರುವ ಕಟ್ಟು ನಿದ್ದೆಯಲ್ಲಿ ಖಂಡಿತ ಜಾರುತ್ತದೆ.

ತಾಯಿಯನ್ನು ಚಪ್ಪಟೆಯಾಗಿ ಮಲಗಿಸಬೇಡಿ. ಮಂಚದ ತಲೆಭಾಗ ಏರಿಸಿ, ಇಲ್ಲವೇ ಮೂರ್ನಾಲ್ಕು ದಿಂಬು ಕೊಟ್ಟು 30ರಿಂದ 40 ಡಿಗ್ರಿ ಒರಗಿಸಿ.

ತುಟಿ ನೀಲಿಯಾದರೆ, ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ನೂರಕ್ಕೆ 90ಕ್ಕಿಂತ ಇಳಿದರೆ ಮೊದಲು ಕುತ್ತಿಗೆ ನೋಡಿ, ನೇರ ಮಾಡಿ. ಅಂಗಾಲು ಅಥವಾ ಬೆನ್ನು ಉಜ್ಜಿ. ಉಸಿರು ಬಾರದಿದ್ದರೆ ತಡಮಾಡದೆ ಬಿಚ್ಚಿ, ಬ್ಯಾಗ್ ಮಾಸ್ಕ್ ಹಿಡಿದು ಡಾಕ್ಟರನ್ನು ಕರೆಯಿರಿ. ಕುತ್ತಿಗೆ ಸರಿಯಿದ್ದೂ ಮತ್ತೆಮತ್ತೆ ಹೀಗಾದರೆ ಅದು ಕಟ್ಟಿನ ತಪ್ಪಲ್ಲ. ಸೋಂಕು ಇರಬಹುದು, ಸಕ್ಕರೆ ಇಳಿದಿರಬಹುದು.

ಕಂಕುಳಿನ ಉಷ್ಣತೆ 36.5ರಿಂದ 37.5 ಡಿಗ್ರಿ ಇರಬೇಕು. ಮೊದಲ ದಿನಗಳಲ್ಲಿ 6 ಗಂಟೆಗೊಮ್ಮೆ ನೋಡಿ, ಮೂರು ದಿನ ಏರುಪೇರಿಲ್ಲದಿದ್ದರೆ ದಿನಕ್ಕೆ ಎರಡು ಬಾರಿ ಸಾಕು. ಕಡಿಮೆ ಬಂದರೆ ಮೊದಲು ಡಯಾಪರ್ ಒದ್ದೆಯಾಗಿದೆಯೇ, ಟೋಪಿ ಕಳಚಿದೆಯೇ ನೋಡಿ.

ಇನ್ನೊಂದು ಮಾತು ಒತ್ತಿ ಹೇಳಬೇಕಿದೆ. ಮಗುವನ್ನು ಎದೆಗೆ ಹಾಕುವುದು ಸುಲಭ, ಅಲ್ಲೇ ಉಳಿಸುವುದೇ ದಾದಿಯ ನಿಜವಾದ ಕೆಲಸ. ಹತ್ತು ನಿಮಿಷ ಹಾಕಿ ತೆಗೆದರೆ ಮಗುವಿನ ನಿದ್ದೆ ಕೆಡುತ್ತದೆ, ತೂಕವೂ ಏರುವುದಿಲ್ಲ. ಒಮ್ಮೆ ಕಟ್ಟಿದರೆ ಕನಿಷ್ಠ ಒಂದು ಗಂಟೆ ಬಿಚ್ಚಬೇಡಿ. ಕೇಸ್ ಶೀಟಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕಟ್ಟಿದ ವೇಳೆ, ಬಿಚ್ಚಿದ ವೇಳೆ ಬರೆಯಿರಿ, ಡ್ಯೂಟಿ ಬದಲಾಗುವಾಗ ಅಷ್ಟು ಗಂಟೆಯನ್ನು ಬಾಯಿಬಿಟ್ಟು ಹೇಳಿ. ಬರೆಯದಿದ್ದರೆ ರಾತ್ರಿ ಪಾಳಿಯಲ್ಲಿ ಮಗು ವಾರ್ಮರ್‌ಗೆ ಮರಳಿರುತ್ತದೆ. ಮಂಚದ ಸುತ್ತ ಪರದೆ, ಒರಗುವ ಕುರ್ಚಿ, ತಾಯಿಗೆ ಹೊತ್ತಿಗೆ ಊಟ: ಈ ಮೂರನ್ನು ಕೇಳಿ ಪಡೆಯಿರಿ. ನಾಚಿಕೆಯಾಗಿ, ಬೆನ್ನು ನೋವಾಗಿ, ಹಸಿದು ಬಿಚ್ಚುವವರೇ ಹೆಚ್ಚು.

ಪ್ರಶ್ನೆ: ಹೆಂಡತಿಗೆ ಸಿಸೇರಿಯನ್ ಆಗಿದೆ. ನಾನು ಎಸ್ಟೇಟಿನಲ್ಲಿ ಕೆಲಸ ಮಾಡುವವನು. ಗಂಡಸರೂ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದೇ?
– ಪಾಲಿಬೆಟ್ಟ

ಉತ್ತರ: ಧಾರಾಳವಾಗಿ. ಸೋಪು ಹಚ್ಚಿ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬನ್ನಿ. ಕೆಮ್ಮು, ನೆಗಡಿ, ಕಜ್ಜಿ ಇದ್ದರೆ ಬೇಡ. ಬೀಡಿ ಸೇದಿ, ಕುಡಿದು ಮಗುವನ್ನು ಮುಟ್ಟಲೇಬೇಡಿ. ಹೆಂಡತಿಯೂ ಕಟ್ಟಿಕೊಳ್ಳಬಹುದು. ಮಗು ಇರುವುದು ಎದೆಯ ಮೇಲೆ, ಹೊಲಿಗೆ ಇರುವುದು ಕೆಳಹೊಟ್ಟೆಯಲ್ಲಿ.

ಪ್ರಶ್ನೆ: ಎದೆ ಕಚ್ಚಿಸಿದರೆ ಮಗು ಚೀಪದೆ ನಿದ್ದೆ ಹೋಗುತ್ತದೆ. ಒಳಲೆಯಲ್ಲಿ ಎಷ್ಟು ಹಾಲು ಕೊಡಬೇಕು?
– ಒಬ್ಬ ಬಾಣಂತಿ, ಸೋಮವಾರಪೇಟೆ

ಉತ್ತರ: ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು ಸುಮಾರು 34 ವಾರಕ್ಕೆ. ಅದಕ್ಕೆ ಮುಂಚೆ 32 ವಾರದಿಂದ ಒಳಲೆ, ಅದಕ್ಕೂ ಮುಂಚೆ ಟ್ಯೂಬ್. ಟ್ಯೂಬ್ ಹಾಲನ್ನೂ ಎದೆಯ ಮೇಲಿದ್ದಾಗಲೇ ಕೊಡಬಹುದು. ಲೆಕ್ಕ ಹೀಗೆ: 1.4 ಕೆ.ಜಿ. ಮಗುವಿಗೆ ಮೊದಲ ದಿನ ಕೆ.ಜಿ.ಗೆ 80 ಮಿ.ಲೀ.ನಂತೆ 112 ಮಿ.ಲೀ., ಅಂದರೆ 2 ಗಂಟೆಗೊಮ್ಮೆ ಸುಮಾರು 9 ಮಿ.ಲೀ. ದಿನದಿನ ಏರಿಸುತ್ತಾ ವಾರದ ಹೊತ್ತಿಗೆ ಕೆ.ಜಿ.ಗೆ 150 ಮಿ.ಲೀ. ಆದಾಗ ಒಂದು ಸಲಕ್ಕೆ 17ರಿಂದ 18 ಮಿ.ಲೀ. ಏರಿಸುವುದನ್ನು ನಿಮ್ಮ ವಾರ್ಡಿನ ಡಾಕ್ಟರ್ ನಿರ್ಧರಿಸಲಿ.

ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಸ್ವಲ್ಪಸ್ವಲ್ಪವಾಗಿ ಬಗ್ಗಿಸಿ, ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು ಕೊಡಿ. ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ವಾರ ತೂಕ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಆಮೇಲೆ ದಿನಕ್ಕೆ 20 ಗ್ರಾಂನಷ್ಟು ಏರಬೇಕು.

ಪ್ರಶ್ನೆ: ಆಸ್ಪತ್ರೆಯಿಂದ ಎಸ್ಟೇಟಿನ ಲೈನ್ ಮನೆಗೆ ಬಂದ ಮಗುವಿಗೆ ಮನೆಯವರು ದಿನಾ ಎಣ್ಣೆಸ್ನಾನ, ಹೊಗೆ, ಮಂಚದಡಿ ಕೆಂಡ ಎನ್ನುತ್ತಾರೆ. ಏನು ಹೇಳಲಿ?
– ಆಶಾ ಕಾರ್ಯಕರ್ತೆ, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಬೈಯದೆ, ಬದಲಿ ಕೊಟ್ಟು ಹೇಳಿ. ಮಗುವನ್ನು ಬೆಚ್ಚಗಿಡಬೇಕೆಂಬ ಅವರ ಆಸೆ ಸರಿಯಾದದ್ದೇ. ಮಳೆಗೆ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಕೆಂಡವಿಟ್ಟರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬಿ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಹೊಗೆ ಬಲಿಯದ ಶ್ವಾಸಕೋಶಕ್ಕೆ ಹಾನಿ. ಕೆಂಡದ ಬದಲು ಅಮ್ಮನ ಎದೆ, ಅಮ್ಮನಿಗೆ ದಣಿವಾದರೆ ಅಪ್ಪನ, ಅಜ್ಜಿಯ ಎದೆ. 2.5 ಕೆ.ಜಿ. ಆಗುವವರೆಗೆ ಸ್ನಾನ ಬೇಡ. ಉಗುರುಬೆಚ್ಚನೆ ನೀರಲ್ಲಿ ಬಟ್ಟೆ ಅದ್ದಿ ಬೇಗ ಒರೆಸಿ ಒಣಗಿಸಿದರೆ ಸಾಕು. ಡಯಾಪರ್ ಬಟ್ಟೆ ಮಳೆಗಾಲದಲ್ಲಿ ಒಣಗುವುದಿಲ್ಲವಾದ್ದರಿಂದ ಹೆಚ್ಚು ತುಂಡುಗಳಿರಲಿ.

ಎದೆಗೆ ಕಟ್ಟುವುದನ್ನು ಮಗುವೇ ಬೇಡವೆನ್ನುವವರೆಗೆ ಮುಂದುವರಿಸಿ. 2.5 ಕೆ.ಜಿ. ಹತ್ತಿರವಾದಾಗ, ಇಲ್ಲವೇ ಒಂಬತ್ತು ತಿಂಗಳ ಲೆಕ್ಕ ತುಂಬಿದಾಗ ಅದು ಕೈಕಾಲು ಹೊರಗೆಳೆದು ಕೊಸರಾಡುತ್ತದೆ.

3, 7, 14, 21, 28 ಮತ್ತು 42ನೇ ದಿನದ ನಿಮ್ಮ ಭೇಟಿಗಳಲ್ಲಿ, ಆಸ್ಪತ್ರೆಯಿಂದ ತಡವಾಗಿ ಬಂದಿದ್ದರೆ ಬಂದ ದಿನವೇ, ಮೊದಲು ಮಗುವಿನ ಅಂಗಾಲು ಮುಟ್ಟಿ. ಹೊಟ್ಟೆ ಬೆಚ್ಚಗಿದ್ದು ಕಾಲು ತಣ್ಣಗಿದ್ದರೆ ಚಳಿ ತಟ್ಟಿದೆ, ಕೂಡಲೇ ಎದೆಗೆ ಹಾಕಿಸಿ. ಹೊಟ್ಟೆಯೂ ತಣ್ಣಗಿದ್ದರೆ, ಹಾಲು ಬಿಟ್ಟಿದ್ದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರಿದ್ದರೆ, ಪಕ್ಕೆ ಒಳಕ್ಕೆ ಎಳೆದರೆ, ಅಂಗೈ ಅಂಗಾಲಿಗೆ ಹಳದಿ ಬಂದಿದ್ದರೆ, ಫಿಟ್ಸ್ ಬಂದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್‌ನಲ್ಲೂ ಮಗು ಎದೆಯ ಮೇಲೇ ಇರಲಿ, ತಾಯಿ ಒರಗಿ ಕೂರಲಿ, ಬೆಲ್ಟ್ ಹಾಕಿರಲಿ. ತಿರುವಿನ ದಾರಿಯುದ್ದಕ್ಕೂ ಮಗುವಿನ ಮುಖ, ಮೂಗು ಜೊತೆಗಿರುವವರಿಗೆ ಕಾಣುತ್ತಿರಬೇಕು.